ಸ್ವಿಚ್ಚು ಯಾರ ಕೈಯಲ್ಲಿ? ಮುಚ್ಚಿದ ಅಂಗಡಿಯ ದೀಪಕ್ಕೆ ದಂಡ ಹಾಕಹೊರಟ ಫ್ರಾನ್ಸಿನ ಪ್ರಕರಣ

ನಮ್ಮ ಮನೆಯ ಎದುರು ಸಾಲಿನಲ್ಲಿ ಒಂದು ಸೀರೆ ಅಂಗಡಿ ಇದೆ. ರಾತ್ರಿ ಒಂಬತ್ತೂವರೆಗೆ ಷಟರ್ ಎಳೆದು ಬೀಗ ಹಾಕುತ್ತಾರೆ. ಮೇಲಿನ ಮಹಡಿಯ ಗಾಜಿನ ಷೋಕೇಸು ಮಾತ್ರ ಬೆಳಗಿನವರೆಗೂ ಉರಿಯುತ್ತಿರುತ್ತದೆ. ಐದು ಗೊಂಬೆಗಳು, ಐದು ರೇಷ್ಮೆ ಸೀರೆಗಳು, ಒಂದೊಂದು ಗೊಂಬೆಯ ನೆತ್ತಿಗೆ ನಾಲ್ಕು ನಾಲ್ಕು ದೀಪ. ಎರಡು ಗಂಟೆ ರಾತ್ರಿಯಲ್ಲಿ ಆ ಸೀರೆಗಳ ಜರಿ ನೋಡುವವರು ಬೀದಿನಾಯಿಗಳು ಮತ್ತು ನಿದ್ದೆ ಬಾರದ ನಾನು. ಕೆಳಗೆ ಷಟರಿನ ಬುಡದಲ್ಲಿ ರಟ್ಟು ಹಾಸಿಕೊಂಡು ಮಲಗುವ ಕಾವಲುಗಾರ ಕಣ್ಣಿಗೆ ಟವೆಲ್ ಬಿಗಿದು ಕಟ್ಟಿಕೊಂಡಿರುತ್ತಾರೆ. ಬೆಳಕು ಅಷ್ಟು ಪ್ರಖರ. ಆರಿಸಬಾರದೇ ಎಂದು ಒಮ್ಮೆ ಕೇಳಿದೆ. ಸ್ವಿಚ್ಚು ಷಟರಿನ ಒಳಗಿದೆ, ಬೀಗದ ಕೈ ಯಜಮಾನರ ಮನೆಯಲ್ಲಿದೆ ಎಂದರು.

ಇಂಥ ದೀಪಗಳಿಗೆ ನಗರಗಳು ದಂಡ ಹಾಕಬೇಕೇ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಟವೆಲ್ ಮತ್ತು ಆ ಬೀಗದ ಕೈ. ದಂಡ ಬೇಕು ಎನ್ನುವವರು ಪೋಲಾಗುವ ಯೂನಿಟ್ಟುಗಳನ್ನು ಎಣಿಸುತ್ತಾರೆ. ಬೇಡ ಎನ್ನುವವರು ಕಳ್ಳರನ್ನು ಎಣಿಸುತ್ತಾರೆ. ಸ್ವಿಚ್ಚು ಎಲ್ಲಿದೆ, ರಾತ್ರಿ ಒಂದು ಗಂಟೆಗೆ ಅದರ ಮೇಲೆ ಯಾರ ಕೈ ಇರುತ್ತದೆ ಎಂದು ಇಬ್ಬರೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಲು ಫ್ರಾನ್ಸಿನಷ್ಟು ತುಂಬಿದ ಉದಾಹರಣೆ ಇನ್ನೊಂದಿಲ್ಲ. ಅಲ್ಲಿ ಕಾನೂನು ಬಂದು ಹತ್ತು ವರ್ಷ ದಾಟಿದೆ. ದಂಡದ ಮೊತ್ತ ನಿಗದಿಯಾಗಿದೆ, ವಿನಾಯಿತಿಗಳಿವೆ, ನ್ಯಾಯಾಲಯದ ತೀರ್ಪಿದೆ, ಕಾನೂನು ಮಾಡದ ಕೆಲಸವನ್ನು ಗೋಡೆ ಹತ್ತಿ ಮಾಡಿದ ಹುಡುಗರೂ ಇದ್ದಾರೆ.

ಆದೇಶ ಹೇಳಿದ್ದು

2013ರ ಜನವರಿ 25ರಂದು ಫ್ರಾನ್ಸಿನ ಪರಿಸರ ಸಚಿವಾಲಯ ಒಂದು ಆದೇಶ ಹೊರಡಿಸಿತು. ಆಗ ಸಚಿವೆ ಡೆಲ್ಫಿನ್ ಬಾಥೊ. ಜುಲೈ 1ರಿಂದ ಅದು ಜಾರಿಗೆ ಬಂತು. ವಾಸದ ಮನೆಗಳನ್ನು ಬಿಟ್ಟು ಉಳಿದ ಎಲ್ಲ ಕಟ್ಟಡಗಳಿಗೂ ಅದು ಅನ್ವಯ. ಕಚೇರಿಯಾದರೆ ಕೊನೆಯ ನೌಕರ ಹೊರಟ ಒಂದು ಗಂಟೆಯೊಳಗೆ ಒಳಗಿನ ದೀಪಗಳು ಆರಬೇಕು. ಅಂಗಡಿಯ ಷೋಕೇಸಾದರೆ ರಾತ್ರಿ ಒಂದರೊಳಗೆ, ಅಂಗಡಿ ಮುಚ್ಚುವುದೇ ಅದಕ್ಕಿಂತ ತಡವಾದರೆ ಮುಚ್ಚಿದ ಒಂದು ಗಂಟೆಯೊಳಗೆ. ಮತ್ತೆ ಹೊತ್ತಿಸಬೇಕಾದರೆ ಬೆಳಗಿನ ಏಳು, ಇಲ್ಲವೇ ಅಂಗಡಿ ತೆರೆಯುವ ಒಂದು ಗಂಟೆ ಮೊದಲು. ಕಟ್ಟಡಗಳ ಮುಖಕ್ಕೆ ಹೊರಗಿನಿಂದ ಹಾಯಿಸುವ ಅಲಂಕಾರದ ದೀಪಗಳು ಸೂರ್ಯ ಮುಳುಗುವ ಮೊದಲು ಹೊತ್ತುವಂತಿಲ್ಲ, ರಾತ್ರಿ ಒಂದರ ನಂತರ ಉರಿಯುವಂತಿಲ್ಲ.

ಹಬ್ಬದ ಮುನ್ನಾದಿನ, ಕ್ರಿಸ್ಮಸ್ ದೀಪಾಲಂಕಾರ, ಸ್ಥಳೀಯ ಉತ್ಸವ, ಪ್ರವಾಸಿಗಳು ಮುಗಿಬೀಳುವ ಪ್ರದೇಶ, ಇವುಗಳಿಗೆಲ್ಲ ವಿನಾಯಿತಿ ಕೊಡಲು ಅವಕಾಶವಿತ್ತು. ಕಳ್ಳತನದ ಭಯಕ್ಕೂ ಉತ್ತರವಿತ್ತು. ಯಾರಾದರೂ ಹತ್ತಿರ ಸುಳಿದಾಗ ಮಾತ್ರ ಹೊತ್ತಿಕೊಳ್ಳುವ ಭದ್ರತಾ ದೀಪ ಈ ಆದೇಶದ ವ್ಯಾಪ್ತಿಗೇ ಬರುವುದಿಲ್ಲ. ಇಡೀ ಆದೇಶದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಾಲು ಇದೇ. ರಾತ್ರಿಯಿಡೀ ಒಂದೇ ಸಮ ಉರಿಯುವ ದೀಪ ಕಳ್ಳನಿಗೂ ಅಭ್ಯಾಸವಾಗಿಬಿಡುತ್ತದೆ. ತಟಕ್ಕನೆ ಹೊತ್ತಿಕೊಳ್ಳುವ ದೀಪಕ್ಕೆ ಕಾವಲುಗಾರ ಟವೆಲ್ಲಿನೊಳಗಿಂದಲೂ ಎಚ್ಚರಗೊಳ್ಳುತ್ತಾನೆ.

ಸರ್ಕಾರ ಮುಂದಿಟ್ಟ ಲೆಕ್ಕ ಹೀಗಿತ್ತು: ವರ್ಷಕ್ಕೆ 200 ಕೋಟಿ ಯೂನಿಟ್ ಉಳಿತಾಯ. ಅಂದರೆ ಬಿಸಿ ಮಾಡಿಕೊಳ್ಳುವ ಖರ್ಚು ಬಿಟ್ಟು ಏಳೂವರೆ ಲಕ್ಷ ಮನೆಗಳ ವಾರ್ಷಿಕ ಬಳಕೆ. ಜೊತೆಗೆ ಎರಡೂವರೆ ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದು ತಪ್ಪುತ್ತದೆ. ಉಲ್ಲಂಘಿಸಿದವರಿಗೆ ದಂಡ ಗರಿಷ್ಠ 750 ಯೂರೊ.

ಬೆಳಕಿನ ನಗರವೆಂದೇ ಹೆಸರಾದ ಪ್ಯಾರಿಸಿನಲ್ಲಿ ಇಂಥ ಕಾನೂನೇ ಎಂದು ಆಗ ಹುಬ್ಬೇರಿಸಿದವರಿದ್ದರು. ಆ ಊರಿನ ಬೀದಿಗಳಲ್ಲಿ ಸಾಲು ಲಾಂದ್ರಗಳನ್ನು ತೂಗುಹಾಕಿಸಿದ್ದು 1667ರಲ್ಲಿ, ನಗರದ ಮೊದಲ ಪೊಲೀಸ್ ಮುಖ್ಯಸ್ಥ ಲಾ ರೇನಿ ಎಂಬಾತ. ಕತ್ತಲಲ್ಲಿ ನಡೆಯುವ ಸುಲಿಗೆ ತಡೆಯಲು ಪೊಲೀಸರೇ ಹೊತ್ತಿಸಿದ ದೀಪಗಳನ್ನು ಮುನ್ನೂರೈವತ್ತು ವರ್ಷಗಳ ತರುವಾಯ ಪೊಲೀಸರಿಂದಲೇ ಆರಿಸಲು ಹೊರಟದ್ದು ಇತಿಹಾಸದ ಒಂದು ಕುಚೋದ್ಯ.

ರಾತ್ರಿ ಒಂದು ಗಂಟೆಗೆ ರಸೀದಿ ಪುಸ್ತಕ ಹಿಡಿದವರು

ಈ ದಂಡವನ್ನು ಹಾಕುವವರು ಯಾರು? ಊರಿನ ಮೇಯರ್. ಪುರಭವನದ ದೀಪವೇ ಉರಿಯುತ್ತಿದ್ದರೆ? ಮೇಯರು ತಮಗೆ ತಾವೇ ದಂಡ ಹಾಕಿಕೊಳ್ಳುವುದಿಲ್ಲವೆಂದು ಕಾನೂನು ಬರೆದವರಿಗೆ ಗೊತ್ತಿತ್ತು. ಹಾಗಾಗಿ ಸಾರ್ವಜನಿಕ ಕಟ್ಟಡಗಳ ಹೊಣೆಯನ್ನು ನಮ್ಮ ಜಿಲ್ಲಾಧಿಕಾರಿಯಂಥ ಪ್ರಿಫೆಕ್ಟ್‌ಗೆ ಒಪ್ಪಿಸಿದರು. ಅಲ್ಲಿಯವರೆಗೆ ಬುದ್ಧಿ ಸರಿಯಾಗಿಯೇ ಓಡಿತ್ತು.

ಮುಂದಿನ ಹೆಜ್ಜೆಯಲ್ಲಿ ಎಡವಿದರು. ದೀಪ ಉರಿಯುತ್ತಿರುವುದು ಕಂಡೊಡನೆ ದಂಡ ಬೀಳುವುದಿಲ್ಲ. ಮೊದಲು ನೋಟಿಸು ಕೊಡಬೇಕು, ಸರಿಪಡಿಸಿಕೊಳ್ಳಲು ಗಡುವು ಕೊಡಬೇಕು, ಗಡುವು ಮುಗಿದ ಮೇಲೂ ಉರಿಯುತ್ತಿದೆಯೇ ಎಂದು ಮತ್ತೆ ಹೋಗಿ ನೋಡಬೇಕು. ಅಂದರೆ ಒಂದೇ ಅಂಗಡಿಗಾಗಿ ಒಬ್ಬ ನೌಕರ ಕನಿಷ್ಠ ಎರಡು ಸಲ ನಡುರಾತ್ರಿ ಎದ್ದು ಹೋಗಬೇಕು. ಫ್ರಾನ್ಸಿನಲ್ಲಿ ಕಮ್ಯೂನ್ ಎಂಬ ಸ್ಥಳೀಯ ಆಡಳಿತ ಘಟಕಗಳು ಸುಮಾರು 35,000 ಇವೆ. ಹೆಚ್ಚಿನವು ಹಳ್ಳಿಗಳು, ಸ್ವಂತ ಪೊಲೀಸರಿಲ್ಲದವು. ಅಷ್ಟೇಕೆ, ಪ್ಯಾರಿಸ್ ನಗರಾಡಳಿತಕ್ಕೇ ತನ್ನದೆನ್ನುವ ಪೊಲೀಸ್ ದಳ ಬಂದದ್ದು 2021ರಲ್ಲಿ. ಇದ್ದ ಕಡೆಯೂ ನಡುರಾತ್ರಿಯ ಪಾಳಿಯವರಿಗೆ ಕುಡುಕರು, ಜಗಳಗಳು, ಅಪಘಾತಗಳು ಇದ್ದೇ ಇರುತ್ತವೆ. ಗೊಂಬೆಯ ತಲೆಯ ಮೇಲಿನ ದೀಪ ಅವರ ಪಟ್ಟಿಯಲ್ಲಿ ಕೊನೆಗೂ ಬರುವುದಿಲ್ಲ. ಮೇಯರಿಗಂತೂ ಅಂಗಡಿಕಾರ ಮತದಾರ, ಪರಿಚಯದವನು, ಮುಂದಿನ ಭಾನುವಾರ ಮಾರುಕಟ್ಟೆಯಲ್ಲಿ ಎದುರಾಗುವವನು.

ಇನ್ನೊಂದು ತೊಡಕೂ ಇತ್ತು. ಒಂದೇ ಅಂಗಡಿಯ ಷೋಕೇಸಿಗೆ ಒಂದು ನಿಯಮ, ಬಾಗಿಲ ಮೇಲಿನ ನಾಮಫಲಕಕ್ಕೆ ಇನ್ನೊಂದು, ಪಕ್ಕದ ಜಾಹೀರಾತು ಫಲಕಕ್ಕೆ ಮತ್ತೊಂದು. ನಾಮಫಲಕ ಮತ್ತು ಜಾಹೀರಾತುಗಳನ್ನು 2012ರ ಜನವರಿ 30ರ ಬೇರೆಯೇ ಆದೇಶ ನಿಯಂತ್ರಿಸುತ್ತಿತ್ತು. ರಾತ್ರಿ ಒಂದರಿಂದ ಆರರವರೆಗೆ ಅವು ಆರಬೇಕು. ಆದರೆ ಜಾಹೀರಾತುಗಳ ಮಟ್ಟಿಗೆ ಈ ಮಾತು ಎಂಟು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರ ಪ್ರದೇಶಗಳಿಗೆ ಮಾತ್ರ. ಅದಕ್ಕಿಂತ ದೊಡ್ಡ ನಗರಗಳು ತಮ್ಮ ನಿಯಮವನ್ನು ತಾವೇ ಮಾಡಿಕೊಳ್ಳಬಹುದಿತ್ತು. ದೇಶದಲ್ಲಿ ಎಲ್ಲಿ ಅತಿ ಹೆಚ್ಚು ಜಾಹೀರಾತು ದೀಪಗಳಿದ್ದವೋ ಅಲ್ಲಿಗೇ ರಾಷ್ಟ್ರೀಯ ನಿಯಮ ಹೋಗಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವ ಗಾದೆ ಇಲ್ಲಿ ತಲೆಕೆಳಗಾಯಿತು: ಕತ್ತಲಿರಬೇಕೆಂಬ ಕಾನೂನಿನ ಬುಡದಲ್ಲೇ ಬೆಳಕು.

ಪರಿಣಾಮ ಊಹಿಸಿದಂತೆಯೇ ಆಯಿತು. ರಾತ್ರಿಯ ಆಕಾಶ ಮತ್ತು ಪರಿಸರದ ರಕ್ಷಣೆಗಾಗಿ ಕೆಲಸ ಮಾಡುವ ಎಎನ್‌ಪಿಸಿಇಎನ್ ಮುಂತಾದ ಸಂಘಟನೆಗಳು ಉರಿಯುವ ಷೋಕೇಸುಗಳ ಕುರಿತು ವರ್ಷವರ್ಷವೂ ದೂರುತ್ತ ಬಂದವು. ದಂಡ ಬಿದ್ದ ಸುದ್ದಿ ಮಾತ್ರ ಅಪರೂಪ.

ಈ ಕಥೆಯಲ್ಲಿ ದಂಡ ಚೆನ್ನಾಗಿ ಕೆಲಸ ಮಾಡಿದ್ದು ಒಂದೇ ಒಂದು ಕಡೆ, ಅದೂ ಅಂಗಡಿಕಾರರ ಮೇಲಲ್ಲ. ಬೆಳಕಿನ ಮಾಲಿನ್ಯದ ಬಗ್ಗೆ ಹೊರಡಿಸಬೇಕಿದ್ದ ಪೂರ್ಣ ನಿಯಮಗಳನ್ನು ಸರ್ಕಾರವೇ ವರ್ಷಗಟ್ಟಲೆ ಮುಂದೂಡುತ್ತಿತ್ತು. ಸಂಘಟನೆಗಳು ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯಕ್ಕೆ ಹೋದವು. 2018ರ ಮಾರ್ಚ್ 28ರಂದು ಆ ನ್ಯಾಯಾಲಯ ಒಂಬತ್ತು ತಿಂಗಳ ಗಡುವು ಕೊಟ್ಟಿತು. ತಪ್ಪಿದರೆ ಸರ್ಕಾರ ದಿನಕ್ಕೆ 500 ಯೂರೊ ತೆರಬೇಕು. ಒಂದು ಸರ್ಕಾರದ ಬೊಕ್ಕಸಕ್ಕೆ ಅದು ಚಹಾ ಖರ್ಚು. ಆದರೂ ಹೊಸ ಆದೇಶಕ್ಕೆ ಸಹಿ ಬಿದ್ದದ್ದು ಡಿಸೆಂಬರ್ 27ರಂದು, ಗಡುವಿನ ಹೊಸ್ತಿಲಲ್ಲಿ. ಮೊತ್ತ ಚಿಕ್ಕದು, ಆದರೆ ದಿನದಿನವೂ ಏರುವಂಥದ್ದು, ಎಣಿಸುವವರು ಕಣ್ಣು ಬಿಟ್ಟುಕೊಂಡು ಕುಳಿತಿದ್ದಾರೆ, ತೆರಬೇಕಾದವರು ಯಾರೆಂಬುದರಲ್ಲಿ ಗೊಂದಲವಿಲ್ಲ. ಷೋಕೇಸಿನ 750 ಯೂರೊ ದಂಡಕ್ಕೆ ಈ ಮೂರರಲ್ಲಿ ಒಂದು ಗುಣವೂ ಇರಲಿಲ್ಲ.

2018ರ ಆ ಆದೇಶ 2013ರದ್ದನ್ನು ಒಳಗೊಂಡು ಇನ್ನೂ ಮುಂದೆ ಹೋಯಿತು. ವಾಹನ ನಿಲುಗಡೆ ಜಾಗದ ದೀಪಗಳು ಅಲ್ಲಿನ ಕೆಲಸ ಮುಗಿದ ಎರಡು ಗಂಟೆಯೊಳಗೆ ಆರಬೇಕು, ಆಕಾಶದ ಕಡೆಗೆ ಬೆಳಕು ಚೆಲ್ಲುವುದಕ್ಕೆ ಮಿತಿ, ಕಣ್ಣು ಕುಕ್ಕುವ ನೀಲಿ ಛಾಯೆಯ ಬಿಳಿ ಬೆಳಕಿಗೆ ಮಿತಿ. ಕಾಗದದ ಮೇಲೆ ಇದು ಜಗತ್ತಿನ ಅತ್ಯಂತ ವಿವರವಾದ ಬೆಳಕಿನ ಕಾನೂನುಗಳಲ್ಲಿ ಒಂದು.

ಅಗ್ನಿಶಾಮಕರ ಸ್ವಿಚ್ಚು

ಫ್ರಾನ್ಸಿನ ಹಳೆಯ ಅಂಗಡಿ ಬೀದಿಗಳಲ್ಲಿ ನಡೆಯುವಾಗ ನಾಮಫಲಕದ ಪಕ್ಕದ ಗೋಡೆಯನ್ನು ಗಮನಿಸಿದರೆ ಒಂದು ಪುಟ್ಟ ಡಬ್ಬಿ ಕಾಣುತ್ತದೆ, ಆಳೆತ್ತರಕ್ಕಿಂತ ಮೇಲೆ. ಅದು ಅಗ್ನಿಶಾಮಕರಿಗಾಗಿ ಇಟ್ಟ ಸ್ವಿಚ್ಚು. ನಿಯಾನ್ ಫಲಕಗಳೊಳಗೆ ಹರಿಯುವುದು ಹೆಚ್ಚಿನ ಒತ್ತಡದ ವಿದ್ಯುತ್ತು. ಬೆಂಕಿ ಬಿದ್ದಾಗ ನೀರು ಹಾಯಿಸುವ ಮೊದಲು ಅದನ್ನು ಕಡಿಯಬೇಕು. ಅಂಗಡಿಗೆ ಬೀಗ ಬಿದ್ದಿರುತ್ತದೆ. ಹಾಗಾಗಿ ಸ್ವಿಚ್ಚು ಹೊರಗಿರುತ್ತದೆ, ದಾರಿಹೋಕರ ಕೈಗೆ ಸಿಗದಷ್ಟು, ಏಣಿಯವರಿಗೆ ಸಿಗುವಷ್ಟು ಎತ್ತರದಲ್ಲಿ.

2007ರ ಹೊತ್ತಿಗೆ ಪ್ಯಾರಿಸಿನಲ್ಲಿ ನಿಯಾನ್ ಬಣ ಎಂದು ಕರೆದುಕೊಂಡ ಒಂದು ಗುಂಪು ಈ ಸ್ವಿಚ್ಚಿನ ಉಪಯೋಗ ಕಂಡುಕೊಂಡಿತು. ರಾತ್ರಿ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಮುಚ್ಚಿದ ಅಂಗಡಿಗಳ ಫಲಕಗಳನ್ನು ಆರಿಸುತ್ತ ಹೋದರು. ಹದಿನೈದು ವರ್ಷ ಕಳೆದು, ಕಾನೂನಿನ ಮೇಲೆ ಕಾನೂನು ಬಂದ ಬಳಿಕವೂ, 2022ರ ಬೇಸಗೆಯಲ್ಲಿ ಅದೇ ಸ್ವಿಚ್ಚುಗಳನ್ನು ಹೊಸ ತಲೆಮಾರು ಆರಿಸುತ್ತಿತ್ತು. ಇವರು ಪಾರ್ಕೂರ್ ಪಟುಗಳು, ಗೋಡೆಯಿಂದ ಗೋಡೆಗೆ ಜಿಗಿಯುವುದನ್ನೇ ಆಟ ಮಾಡಿಕೊಂಡವರು. ಪ್ಯಾರಿಸಿನಲ್ಲಿ ಆನ್ ದ ಸ್ಪಾಟ್, ರೆನ್ ನಗರದಲ್ಲಿ ವಿಝ್ಜಿ ಗ್ಯಾಂಗ್. ನಾಲ್ಕು ಹೆಜ್ಜೆ ಓಡಿಬಂದು ಗೋಡೆಗೆ ಒಂದು ಕಾಲು ಕೊಟ್ಟು ಮೇಲಕ್ಕೆ ಚಿಮ್ಮಿ ಬೆರಳ ತುದಿಯಲ್ಲಿ ಸ್ವಿಚ್ಚು ತಟ್ಟಿ ಇಳಿಯುವ ಅವರ ವೀಡಿಯೊಗಳು ಜಗತ್ತೆಲ್ಲ ಹರಿದಾಡಿದವು. ಏನನ್ನೂ ಒಡೆಯುವುದಿಲ್ಲ, ಏನನ್ನೂ ಕದಿಯುವುದಿಲ್ಲ. ಮರುದಿನ ಅಂಗಡಿಯವರು ಸ್ವಿಚ್ಚು ಮೇಲೆತ್ತಿದರೆ ಎಲ್ಲ ಮೊದಲಿನಂತೆ.

ಈ ಹುಡುಗರನ್ನು ವೀರರೆಂದು ಹೊಗಳಲು ನಾನು ಸಿದ್ಧನಿಲ್ಲ. ಬೆಂಕಿಯ ಹೊತ್ತಿಗೆಂದು ಇಟ್ಟ ಸಾಧನ ಆಟದ ಸಾಮಾನಾಗಬಾರದು. ಆದರೆ ಅವರು ಒಂದನ್ನು ತೋರಿಸಿಕೊಟ್ಟರು. ಒಂದು ಫಲಕ ಆರಿಸಲು ಬೇಕಾದದ್ದು ಎರಡು ಸೆಕೆಂಡು ಮತ್ತು ಸ್ಥಳದಲ್ಲಿ ಇರುವ ಒಂದು ಕೈ. ಕಾನೂನಿಗೆ ಆ ಕೈ ಇರಲಿಲ್ಲ. ನೋಟಿಸು, ಗಡುವು, ಮರುಪರಿಶೀಲನೆ ಎಲ್ಲವೂ ಹಗಲಿನ ಕಚೇರಿಯ ಭಾಷೆ. ತಪ್ಪು ನಡೆಯುವುದು ಕಚೇರಿಯವರು ಮಲಗಿದಾಗ.

ಕರೆಂಟು ದುಬಾರಿಯಾದ ವರ್ಷ

ಆ 2022 ಸಾಮಾನ್ಯ ವರ್ಷವಾಗಿರಲಿಲ್ಲ. ಯುಕ್ರೇನ್ ಯುದ್ಧದಿಂದ ರಷ್ಯಾದ ಅನಿಲ ಕೈತಪ್ಪಿತು. ಅದೇ ಹೊತ್ತಿಗೆ ಫ್ರಾನ್ಸಿನ 56 ಅಣು ರಿಯಾಕ್ಟರುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು, ಕೊಳವೆಗಳ ಸವೆತ ಮತ್ತು ಬಾಕಿ ಉಳಿದ ದುರಸ್ತಿಯ ಕಾರಣ, ನಿಂತಿದ್ದವು. ಆಗಸ್ಟ್ ಕೊನೆಯಲ್ಲಿ ಮುಂದಿನ ವರ್ಷದ ವಿದ್ಯುತ್ತಿನ ಸಗಟು ಬೆಲೆ ಮೆಗಾವಾಟ್ ಗಂಟೆಗೆ 1,000 ಯೂರೊ ದಾಟಿತು. ಅಂದರೆ ಯೂನಿಟ್ಟಿಗೆ ಒಂದು ಯೂರೊ. ಚಳಿಗಾಲದಲ್ಲಿ ಕರೆಂಟು ಕಡಿತ ಬರಬಹುದೆಂಬ ಮಾತು ಎಪ್ಪತ್ತರ ದಶಕದ ತೈಲ ಬಿಕ್ಕಟ್ಟನ್ನು ಕಂಡ ಹಿರಿಯರಿಗೆ ಬಿಟ್ಟರೆ ಉಳಿದವರಿಗೆ ಹೊಸದು.

ಆಗ ಎಲ್ಲರ ಕಣ್ಣೂ ದೀಪಗಳ ಮೇಲೆ ಬಿತ್ತು. ಇಂಧನ ಸಚಿವೆ ಅನ್ಯೆಸ್ ಪನ್ಯೆ-ರುನಾಶೆ ಜುಲೈಯಲ್ಲೇ ಘೋಷಿಸಿದ್ದಂತೆ ಅಕ್ಟೋಬರ್ 5ರ ಆದೇಶ ಜಾಹೀರಾತು ಫಲಕಗಳ ರಾತ್ರಿ ನಿಷೇಧವನ್ನು ಊರಿನ ಗಾತ್ರ ನೋಡದೆ ದೇಶಕ್ಕೆಲ್ಲ ವಿಸ್ತರಿಸಿತು. ವಿಮಾನ ನಿಲ್ದಾಣ, ರೈಲು ನಿಲ್ದಾಣಗಳಿಗೆ ವಿನಾಯಿತಿ. ದಂಡ 1,500 ಯೂರೊಗೆ ಏರಿತು, ಮತ್ತೆ ತಪ್ಪಿದರೆ ಇಮ್ಮಡಿ. ಪ್ಯಾರಿಸ್ ಮೇಯರ್ ಆನ್ ಇಡಾಲ್ಗೊ ಸೆಪ್ಟೆಂಬರ್ 23ರಿಂದ ನಗರಾಡಳಿತದ ಕಟ್ಟಡಗಳ ಅಲಂಕಾರ ದೀಪಗಳನ್ನು ರಾತ್ರಿ ಹತ್ತಕ್ಕೇ ಆರಿಸುವಂತೆ ಮಾಡಿದರು. ರಾತ್ರಿ ಒಂದರವರೆಗೆ ಬೆಳಗುತ್ತಿದ್ದ ಐಫೆಲ್ ಗೋಪುರ 11.45ಕ್ಕೇ ಕಪ್ಪಾಗತೊಡಗಿತು.

ಐಫೆಲ್ ಗೋಪುರದ ಲೆಕ್ಕ ಇಲ್ಲಿ ಕುತೂಹಲಕರ. ಗಂಟೆಗೊಮ್ಮೆ ಐದು ನಿಮಿಷ ಮಿನುಗುವ 20,000 ಬಲ್ಬುಗಳು, ಮೈಯೆಲ್ಲ ಹೊನ್ನಿನ ಬಣ್ಣ ಬಳಿಯುವ ದೊಡ್ಡ ದೀಪಗಳು, ಇವೆಲ್ಲ ಸೇರಿ ಗೋಪುರದ ವಾರ್ಷಿಕ ವಿದ್ಯುತ್ ಬಳಕೆಯಲ್ಲಿ ಕೇವಲ ಶೇ 4ರಷ್ಟು. ಉಳಿದದ್ದು ಲಿಫ್ಟು, ಹೋಟೆಲು, ಇತರೆ ವ್ಯವಸ್ಥೆ. ಒಂದು ಗಂಟೆ ಕಾಲು ಮೊದಲೇ ಆರಿಸಿದ್ದರಿಂದ ಉಳಿದ ಕರೆಂಟು ಹೇಳಿಕೊಳ್ಳುವಂಥದ್ದಲ್ಲ. ಆದರೆ ಗೋಪುರವೇ ಆರಿದ ಮೇಲೆ ಬೀದಿ ಬದಿಯ ಬೂಟಿನ ಅಂಗಡಿ ಉರಿಯುತ್ತಿದ್ದರೆ ಅದು ಎದ್ದು ಕಾಣುತ್ತದೆ. ಒಂಬತ್ತು ವರ್ಷ ದಂಡಕ್ಕೆ ಬಗ್ಗದವರು ಆ ಚಳಿಗಾಲದಲ್ಲಿ ನಾಚಿಕೆಗೂ ಬಿಲ್ಲಿಗೂ ಬಗ್ಗಿದರು. ಸಣ್ಣ ಊರುಗಳಂತೂ ಬೀದಿದೀಪಗಳನ್ನೇ ನಡುರಾತ್ರಿ ಆರಿಸತೊಡಗಿದವು. ಬೀದಿದೀಪದ ಖರ್ಚು ಅಲ್ಲಿನ ಸ್ಥಳೀಯ ಆಡಳಿತಗಳ ವಿದ್ಯುತ್ ಬಳಕೆಯಲ್ಲಿ ಶೇ 40ರ ಆಸುಪಾಸು. ಅವರ ಸ್ವಿಚ್ಚು ಅವರ ಕೈಯಲ್ಲೇ ಇತ್ತು, ಬಿಲ್ಲೂ ಅವರ ಮೇಜಿಗೇ ಬರುತ್ತಿತ್ತು.

ನೆರೆಯ ದೇಶಗಳೂ ಅದೇ ವರ್ಷ ಇದೇ ಹಾದಿ ತುಳಿದವು. ಸ್ಪೇನ್ ರಾತ್ರಿ ಹತ್ತಕ್ಕೆ ಷೋಕೇಸು ಆರಿಸಬೇಕೆಂದಿತು, ಚಿಕ್ಕ ತಪ್ಪಿಗೂ 60,000 ಯೂರೊವರೆಗೆ ದಂಡವೆಂದು ಗುಡುಗಿತು. ಮ್ಯಾಡ್ರಿಡ್ ಪ್ರಾಂತ್ಯದ ಅಧ್ಯಕ್ಷೆ ಇಸಬೆಲ್ ದಿಯಾಸ್ ಅಯೂಸೊ ‘ಮ್ಯಾಡ್ರಿಡ್ ಆರುವುದಿಲ್ಲ’ ಎಂದು ತಿರುಗಿಬಿದ್ದರು. ಜರ್ಮನಿ ರಾತ್ರಿ ಹತ್ತರ ನಂತರ ಜಾಹೀರಾತು ದೀಪಗಳನ್ನು ನಿಷೇಧಿಸಿದರೂ ಆ ಆದೇಶಕ್ಕೆ ದಂಡದ ಬಾಲವನ್ನೇ ಕಟ್ಟಲಿಲ್ಲ. ದಂಡದ ಅಂಕಿ ದೊಡ್ಡದಾದಷ್ಟೂ ಜನ ಜಗಳಕ್ಕೆ ನಿಲ್ಲುತ್ತಾರೆ, ಹಾಕುವ ಅಧಿಕಾರಿ ಹಿಂಜರಿಯುತ್ತಾನೆ ಎಂಬುದು ನನ್ನ ಅನಿಸಿಕೆ.

ಯೂನಿಟ್ಟಿನ ಲೆಕ್ಕ ಎಲ್ಲಿ ಸೋಲುತ್ತದೆ

ಇಲ್ಲೊಂದು ಕಟು ಸತ್ಯ ಹೇಳಬೇಕು. ದೀಪ ಪೋಲಿನ ವಿರುದ್ಧ ಮಾತನಾಡುವ ನನ್ನಂಥವರಿಗೆ ಅದು ಹಿತವಾದದ್ದಲ್ಲ.

ಫ್ರಾನ್ಸಿನಲ್ಲಿ ಚಳಿಗಾಲದ ವಿದ್ಯುತ್ ಒತ್ತಡ ಇರುವುದು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಮತ್ತು ಸಂಜೆ ಆರರಿಂದ ಎಂಟರವರೆಗೆ. ರಾತ್ರಿ ಎರಡು ಗಂಟೆಗೆ ಜಾಲದ ಮೇಲೆ ಹೊರೆಯೇ ಕಡಿಮೆ. ಕಾನೂನು ದೀಪ ಆರಿಸಲು ಆಯ್ದ ಸಮಯ ಕರೆಂಟಿನ ಕೊರತೆ ಅತಿ ಕಡಿಮೆ ಇರುವ ಸಮಯ. ಉಳಿದ ಯೂನಿಟ್ಟು ವ್ಯರ್ಥವಲ್ಲ ನಿಜ. ಅಷ್ಟು ಅನಿಲವೋ ಜಲಾಶಯದ ನೀರೋ ಉಳಿಯುತ್ತದೆ. ಆದರೆ ಸಂಜೆ ಏಳರ ಕಡಿತವನ್ನು ರಾತ್ರಿ ಎರಡರ ಉಳಿತಾಯ ತಪ್ಪಿಸುವುದಿಲ್ಲ.

ಎರಡನೆಯದು ಎಲ್‌ಇಡಿ. ನಮ್ಮ ಎದುರಿನ ಷೋಕೇಸನ್ನೇ ಫ್ರಾನ್ಸಿಗೆ ಒಯ್ದು ಲೆಕ್ಕ ಹಾಕೋಣ. ಇಪ್ಪತ್ತು ದೀಪ. 2013ರಲ್ಲಾಗಿದ್ದರೆ ತಲಾ 50 ವಾಟಿನ ಹ್ಯಾಲೊಜನ್, ಒಟ್ಟು ಒಂದು ಕಿಲೊವಾಟ್. ರಾತ್ರಿ ಒಂದರಿಂದ ಬೆಳಗಿನ ಏಳರವರೆಗೆ ಆರು ಯೂನಿಟ್. ಯೂನಿಟ್ಟಿಗೆ 20 ಸೆಂಟ್ ಎಂದು ಹಿಡಿದರೆ ರಾತ್ರಿಗೆ 1 ಯೂರೊ 20 ಸೆಂಟ್. ಈಗ ಅದೇ ಬೆಳಕಿಗೆ ತಲಾ ಹತ್ತು ವಾಟಿನ ಎಲ್‌ಇಡಿ ಸಾಕು. ರಾತ್ರಿಗೆ ಒಂದೂ ಕಾಲು ಯೂನಿಟ್ಟಿಗಿಂತ ಕಡಿಮೆ, 24 ಸೆಂಟ್. ವರ್ಷವಿಡೀ ಉರಿಸಿದರೂ 90 ಯೂರೊ ದಾಟದು. 750 ಯೂರೊ ದಂಡವೆಂದರೆ ಎಂಟೂವರೆ ವರ್ಷದ ಕಳ್ಳಬೆಳಕಿನ ಬೆಲೆ. ಹತ್ತು ವರ್ಷಕ್ಕೊಮ್ಮೆಯಾದರೂ ದಂಡ ಖಚಿತವಾಗಿ ಬಿದ್ದರೆ ಅಂಗಡಿಕಾರ ಯೋಚಿಸಿಯಾನು. ಬೀಳುವುದೇ ಇಲ್ಲವೆಂದಾದರೆ 90 ಯೂರೊಗೆ ರಾತ್ರಿಯಿಡೀ ಜಾಹೀರಾತು ಯಾರಿಗೆ ಬೇಡ?

ಅಗ್ಗವಾದದ್ದರಿಂದ ಬೆಳಕು ಕಡಿಮೆಯಾಗಲಿಲ್ಲ, ಹೆಚ್ಚಿತು. 2012ರಿಂದ 2016ರವರೆಗಿನ ಉಪಗ್ರಹ ಚಿತ್ರಗಳನ್ನು ಅಳೆದ ವಿಜ್ಞಾನಿಗಳಿಗೆ ಭೂಮಿಯ ಮೇಲೆ ಕೃತಕ ಬೆಳಕು ಹಾಸಿದ ಪ್ರದೇಶ ವರ್ಷಕ್ಕೆ ಶೇ 2ಕ್ಕೂ ಹೆಚ್ಚು ಹಬ್ಬುತ್ತಿರುವುದು ಕಂಡಿತು. ಬರಿಗಣ್ಣಿಗೆ ಎಷ್ಟು ನಕ್ಷತ್ರ ಕಾಣುತ್ತವೆಂದು ಸಾವಿರಾರು ಸಾಮಾನ್ಯ ಜನ ದಾಖಲಿಸಿದ ಇನ್ನೊಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಆಕಾಶದ ಹೊಳಪು ವರ್ಷಕ್ಕೆ ಶೇ 9.6ರಂತೆ ಏರುತ್ತಿದೆ. ಈ ವೇಗದಲ್ಲಿ ಎಂಟು ವರ್ಷಕ್ಕೆ ಎರಡರಷ್ಟು. ವಿದ್ಯುತ್ ಬಿಲ್ಲು ಇಳಿಯುತ್ತಲೇ ಕತ್ತಲೆ ಖಾಲಿಯಾಗುತ್ತಿದೆ.

ಹಾಗಾಗಿ ದಂಡಕ್ಕೆ ಆಧಾರವಾಗಿ ಕರೆಂಟನ್ನು ನಿಲ್ಲಿಸಿದರೆ ವಾದ ವರ್ಷವರ್ಷಕ್ಕೂ ತೆಳುವಾಗುತ್ತ ಹೋಗುತ್ತದೆ. ತನ್ನ ಹಣ ಕೊಟ್ಟು ಕೊಂಡ ಯೂನಿಟ್ಟನ್ನು ಅಂಗಡಿಕಾರ ಹೇಗಾದರೂ ಸುಡಲಿ ಎನ್ನುವವರಿಗೆ ಉತ್ತರ ಸಿಗುವುದು ಕಷ್ಟ. ಅವನ ಬೆಳಕು ಅವನ ಗಾಜಿನೊಳಗೆ ನಿಲ್ಲುವುದಿಲ್ಲ, ನನ್ನ ಮಲಗುವ ಕೋಣೆಯ ಗೋಡೆಗೆ ಬರುತ್ತದೆ, ಮರದ ಹಕ್ಕಿಗೂ ದೀಪಕ್ಕೆ ಮುತ್ತುವ ಹುಳಕ್ಕೂ ರಾತ್ರಿಯನ್ನೇ ಇಲ್ಲವಾಗಿಸುತ್ತದೆ ಎಂದರೆ ಆ ವಾದ ಬೇರೆಯೇ ಆಗುತ್ತದೆ. ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ಮಿತಿ ಹಾಕುವಾಗ ಅದು ಎಷ್ಟು ಯೂನಿಟ್ ತಿನ್ನುತ್ತದೆ ಎಂದು ಯಾರೂ ಕೇಳುವುದಿಲ್ಲ. ಫ್ರಾನ್ಸ್ ತನ್ನ 2018ರ ಆದೇಶದ ಹೆಸರಿನಲ್ಲೇ ಬೆಳಕಿನ ಉಪದ್ರವ ಎಂಬ ಮಾತನ್ನು ಮುಂದಿಟ್ಟದ್ದು ಆ ಇಡೀ ದಶಕದ ಅತ್ಯಂತ ಜಾಣ ಹೆಜ್ಜೆ. ಆದರೆ ನಾಲ್ಕು ವರ್ಷದಲ್ಲಿ ಬಿಕ್ಕಟ್ಟು ಬಂದಾಗ ಎಲ್ಲರೂ ಮತ್ತೆ ಯೂನಿಟ್ಟಿಗೇ ಮರಳಿದರು. ಕರೆಂಟು ಅಗ್ಗವಾದ ದಿನ ದೀಪ ಮರಳಿ ಹೊತ್ತಿಕೊಳ್ಳಲು ಅದೇ ದಾರಿ ಮಾಡಿಕೊಡುತ್ತದೆ.

ಕತ್ತಲೆಗೂ ಬೆಲೆಯಿದೆ ಎಂದು ಅರಿತವರು ಬೆಂಗಳೂರಿನ ಪಕ್ಕದಲ್ಲೇ ಇದ್ದಾರೆ. ಹೊಸಕೋಟೆಯಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕೇಂದ್ರದಿಂದ ವಿಜ್ಞಾನಿಗಳು ದೂರದರ್ಶಕ ನಡೆಸುತ್ತಾರೆ. ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಆಜ್ಞೆಗಳು ಹೋಗುವುದು ಉಪಗ್ರಹದ ಮೂಲಕ. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಯವರು ಕಿಟಕಿಗೆ ದಪ್ಪ ಪರದೆ ಹಾಕಿ, ದೀಪಕ್ಕೆ ಮರೆ ಕಟ್ಟಿ ಸಹಕರಿಸುತ್ತಾರೆ. ಹೊಸಕೋಟೆಯಲ್ಲಿ ಕುಳಿತವರು ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಪಶ್ಚಿಮದ ಆಕಾಶವೆಲ್ಲ ಬೆಂಗಳೂರಿನ ಕಿತ್ತಳೆ ಹೊಗೆಬೆಳಕು.

ಯಜಮಾನರೊಡನೆ ಹತ್ತು ನಿಮಿಷ

ಇಷ್ಟೆಲ್ಲ ಓದಿಕೊಂಡ ಮೇಲೆ ಎದುರಿನ ಅಂಗಡಿಗೆ ಹೋಗದೆ ಇರಲಾಗಲಿಲ್ಲ. ದಂಡ ಬೇಕೆನ್ನುವ ಪಕ್ಷ ನನ್ನದು. ಆದರೆ ಅದು ಬೀಳಬೇಕಾದದ್ದು ನಡುರಾತ್ರಿಯ ಗಸ್ತಿನಿಂದಲ್ಲ. ವ್ಯಾಪಾರದ ಪರವಾನಗಿ ನವೀಕರಿಸುವಾಗ, ನಾಮಫಲಕಕ್ಕೆ ಅನುಮತಿ ಕೊಡುವಾಗ, ಆರುವ ಸಮಯ ನಿಗದಿಯಾದ ಟೈಮರ್ ಇದೆಯೇ ಎಂದು ಹಗಲಲ್ಲೇ ನೋಡಲಿ. ಇಲ್ಲದಿದ್ದರೆ ಶುಲ್ಕದ ಜೊತೆಗೆ ಸಣ್ಣ ಮೊತ್ತ ಸೇರಿಸಲಿ, ಸರಿಪಡಿಸುವವರೆಗೆ ತಿಂಗಳು ತಿಂಗಳು ಸೇರಿಸಲಿ. ಸರ್ಕಾರದ ಮೇಲೆ ಬಿದ್ದ 500 ಯೂರೊದಂತೆ. ನಮ್ಮಲ್ಲಿ ಅಂಗಡಿ ಮುಚ್ಚುವ ವೇಳೆಯೇ ಸಡಿಲ ಎಂಬುದು ಗೊತ್ತು. 2021ರ ಜನವರಿಯಲ್ಲೇ ಕರ್ನಾಟಕ ಸರ್ಕಾರ ಹತ್ತಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಅಂಗಡಿಗಳಿಗೆ ದಿನದ 24 ಗಂಟೆಯೂ ತೆರೆದಿರಲು ಅನುಮತಿ ಕೊಟ್ಟಿತು. ತೆರೆದಿರುವ ಅಂಗಡಿ ಉರಿಯಲಿ. ಷಟರಿಗೆ ಬೀಗ ಬಿದ್ದಿರುವ ಅಂಗಡಿಯ ಮಾತು ನಾನಾಡುತ್ತಿರುವುದು.

ಯಜಮಾನರು ಕಾಫಿ ತರಿಸಿದರು. ರಾತ್ರಿಗೆ ಹತ್ತು ಹದಿನೈದು ರೂಪಾಯಿಯ ಮಾತು, ಅದಕ್ಕೇಕೆ ಇಷ್ಟು ಯೋಚನೆ ಎಂದು ನಕ್ಕರು. ಅಂಗಡಿ ಕತ್ತಲಾಗಿ ಇರಬಾರದು, ಲಕ್ಷ್ಮಿ ನಿಲ್ಲುವುದಿಲ್ಲ, ದೀಪ ಆರಿಸು ಎಂಬ ಮಾತನ್ನೇ ಅಮ್ಮ ಆಡುತ್ತಿರಲಿಲ್ಲ, ಶಾಂತ ಮಾಡು ಎನ್ನುತ್ತಿದ್ದಳು ಎಂದರು. ದೇವರ ಮುಂದೊಂದು ಸಣ್ಣ ದೀಪ ಇರಲಿ, ಗೊಂಬೆಗಳ ದೀಪ ಶಾಂತ ಮಾಡಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೀಟರ್ ಬೋರ್ಡಿನ ಬಳಿಗೆ ಕರೆದೊಯ್ದು ಒಂದು ಡಬ್ಬಿ ತೋರಿಸಿದರು. ನನಗೆ ಆಶ್ಚರ್ಯ. ಟೈಮರ್ ಆಗಲೇ ಇತ್ತು! ದುಂಡು ತಟ್ಟೆ, ಅಂಚಿನ ಸುತ್ತ ಪುಟ್ಟ ಪುಟ್ಟ ಹಲ್ಲುಗಳು, ಒಂದೊಂದು ಹಲ್ಲಿಗೆ ಕಾಲು ಗಂಟೆ. ಎಲೆಕ್ಟ್ರಿಷಿಯನ್ ಬಂದ ದಿನ ಸಂಜೆ ಆರೂವರೆಗೆ ಹೊತ್ತಿ ಬೆಳಿಗ್ಗೆ ಆರಕ್ಕೆ ಆರುವಂತೆ ಒತ್ತಿ ಹೋಗಿದ್ದ. ಅಲ್ಲಿಂದ ಯಾರೂ ಮುಟ್ಟಿರಲಿಲ್ಲ. ತಟ್ಟೆಯ ಮೇಲೆ ಧೂಳು.

ರಾತ್ರಿ ಹನ್ನೊಂದರಿಂದ ಆರರವರೆಗಿನ ಇಪ್ಪತ್ತೆಂಟು ಹಲ್ಲುಗಳನ್ನು ಎತ್ತಿದರೆ ಆಯಿತು, ಎರಡು ನಿಮಿಷದ ಕೆಲಸ ಎಂದೆ. ಅವರು ಬೆರಳಿನಿಂದ ಒಂದು ಹಲ್ಲನ್ನು ಮುಟ್ಟಿ ನೋಡಿದರು.

‘ಎತ್ತದಿದ್ದರೆ ದಂಡ ಎಷ್ಟು?’

‘ನಮ್ಮಲ್ಲಿ ಇನ್ನೂ ಇಲ್ಲ.’

‘ಬರಲಿ ಬಿಡಿ, ನೋಡೋಣ’ ಎಂದು ಡಬ್ಬಿಯ ಮುಚ್ಚಳ ಹಾಕಿದರು.